ದಫ್ತರಕ್ಕೆ ಬಿದ್ದ ಬೆಂಕಿ

1943ರ ಏಪ್ರಿಲ್ 1ರಂದು ಹಾವೇರಿ ಸೀಮೆಯ ಹೊಸರಿತ್ತಿಯಲ್ಲಿ ಮೂವರು ಪೊಲೀಸರ ಗುಂಡಿಗೆ ಬಲಿಯಾದರು: ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ಅವರ ಸಂಗಡಿಗರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ರೈತರಿಂದ ವಸೂಲಾದ ಕಂದಾಯದ ಹಣವನ್ನು ಸರ್ಕಾರ ಊರಿನ ವೀರಭದ್ರ ದೇವಸ್ಥಾನದಲ್ಲಿ ಕಾವಲು ಹಾಕಿ ಇಟ್ಟಿತ್ತು. ಅದನ್ನು ವಶಪಡಿಸಿಕೊಳ್ಳಲು ಬಂದವರು ಅಲ್ಲಿಯೇ ಮಡಿದರು. 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದ ತಂಡದಲ್ಲಿದ್ದ ಮಹಾದೇವಪ್ಪನವರಿಗೆ ಆಗ 31 ವರ್ಷ. ಈ ಬಲಿದಾನವನ್ನು ನಾವು ಶೌರ್ಯದ ಕತೆಯಾಗಿ ಹೇಳುತ್ತ ಬಂದಿದ್ದೇವೆ. ಹಾಗೆ ಹೇಳುವುದು ಸರಿಯೇ. ಆದರೆ 1942ರ ಆಗಸ್ಟಿನಿಂದ ಮುಂದಿನ ತಿಂಗಳುಗಳಲ್ಲಿ ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಹೋರಾಟಗಾರರು ಯಾವ ಯಾವುದರ ಮೇಲೆ ಕೈಮಾಡಿದರು ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ತಂತಿ ಕತ್ತರಿಸಿದರು, ಟಪಾಲು ಚೀಲ ಕಸಿದುಕೊಂಡರು, ರೈಲು ನಿಲ್ದಾಣಗಳಿಗೆ ಬೆಂಕಿ ಇಟ್ಟರು. ಜೊತೆಜೊತೆಗೇ ಊರೂರಿನ ಚಾವಡಿ ಹೊಕ್ಕು ದಫ್ತರ ಸುಟ್ಟರು. ತಂತಿ, ಟಪಾಲು, ರೈಲು ಸರ್ಕಾರದ ಕೈಕಾಲುಗಳಾಗಿದ್ದವು ಎಂಬುದು ಯಾರಿಗೂ ತಿಳಿಯುವ ಮಾತು. ಹಳೆಯ ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಗಂಟನ್ನು ಸುಡಲು ಜೀವ ಪಣಕ್ಕಿಡಬೇಕಾದರೆ ಆ ಗಂಟಿನಲ್ಲಿ ಅಂಥದ್ದೇನಿತ್ತು? ಫೋನು, ಲ್ಯಾಪ್‌ಟಾಪುಗಳಲ್ಲಿರುವ ನಮ್ಮ ಖಾಸಗಿ ಮಾಹಿತಿಯನ್ನು ಕಾಪಾಡಿಕೊಳ್ಳಬೇಕು ಎಂಬ ಇಂದಿನ ಮಾತಿನ ಬೇರು ಆ ಗಂಟಿನಲ್ಲಿದೆ ಎಂಬುದು ನನ್ನ ವಾದ. ಇದು ಪಟ್ಟಣದವರ, ಓದಿದವರ, ನಿನ್ನೆಮೊನ್ನೆಯ ಚಿಂತೆ ಎಂದು ತಿಳಿದವರು ಹಾವೇರಿ ಸೀಮೆಯ ಇತಿಹಾಸವನ್ನು ಒಮ್ಮೆ ಈ ಕಣ್ಣಿನಿಂದ ನೋಡಬೇಕು.

ದಫ್ತರದಲ್ಲಿ ಏನಿತ್ತು ಎಂದರೆ, ಊರೇ ಇತ್ತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಕಡೆಯ ಇಂದಾಪುರದಲ್ಲಿ ಆರಂಭಿಸಿದ ಭೂಮಾಪನ ಪದ್ಧತಿ 1840ರ ದಶಕದಲ್ಲಿ ಧಾರವಾಡ ಸೀಮೆಗೂ ಬಂತು. ಹೊಲಕ್ಕೊಂದು ಸರ್ವೆ ನಂಬರು, ಮಣ್ಣಿನ ಗುಣಕ್ಕೆ ತಕ್ಕ ಆಕಾರ ಎಂಬ ಕಂದಾಯದ ಮೊತ್ತ, ಖಾತೆದಾರನ ಹೆಸರು, ಬಾಕಿ. 1903ರ ಮುಂಬಯಿ ಕಾಯಿದೆ ಇದಕ್ಕೆ ಹಕ್ಕುದಾಖಲೆಯನ್ನು ಸೇರಿಸಿತು: ಹೊಲ ಯಾರಿಂದ ಯಾರಿಗೆ ಬಂತು, ಯಾರಿಗೆ ಒತ್ತೆ ಬಿದ್ದಿದೆ, ಪಾಲುದಾರರು ಯಾರು. ಒಂದು ಮನೆತನದ ಸಾಲ, ಸಾವು, ದಾಯಾದಿ ಜಗಳ, ಹೆಣ್ಣುಮಕ್ಕಳ ಪಾಲು ಎಲ್ಲವೂ ಕುಲಕರ್ಣಿಯ ವಹಿಯಲ್ಲಿ ಸಾಲುಸಾಲಾಗಿ ದಾಖಲಾದವು. ಇವನ್ನು ಬರೆದದ್ದು ಕಂದಾಯಕ್ಕೆ. ಆದರೆ ಒಮ್ಮೆ ಬರೆದದ್ದು ಕಂದಾಯಕ್ಕೆ ಮಾತ್ರ ಉಳಿಯಲಿಲ್ಲ. 1932ರಲ್ಲಿ ಅಂಕೋಲಾ, ಸಿದ್ದಾಪುರ ತಾಲೂಕುಗಳಂತೆ ನಮ್ಮ ಹಿರೇಕೆರೂರು ತಾಲೂಕಿನ ರೈತರೂ ಕರನಿರಾಕರಣೆಗೆ ಇಳಿದಾಗ ಸರ್ಕಾರಕ್ಕೆ ಗುಪ್ತಚರರು ಅಷ್ಟಾಗಿ ಬೇಕಾಗಲೇ ಇಲ್ಲ. ಯಾರು ಕಟ್ಟಿಲ್ಲ, ಅವರ ಹೊಲ ಯಾವುದು, ಎಷ್ಟು ಎಕರೆ, ಯಾವುದನ್ನು ಜಪ್ತಿ ಮಾಡಿದರೆ ಮನೆ ಬಾಗುತ್ತದೆ ಎಂಬುದನ್ನೆಲ್ಲ ದಫ್ತರವೇ ಹೇಳುತ್ತಿತ್ತು. ಲೆಕ್ಕಕ್ಕಾಗಿ ಬರೆದ ಹೆಸರು ಶಿಕ್ಷೆಯ ಪಟ್ಟಿಯಾಯಿತು. ಹೊಲ, ದನ, ಪಾತ್ರೆ ಪಡಗ ಲಿಲಾವಿಗೆ ಹೋದವು. ಒಂದು ಕೆಲಸಕ್ಕೆಂದು ಕೊಟ್ಟ ಮಾಹಿತಿ ಕೊಟ್ಟವನಿಗೆ ತಿಳಿಸದೆ ಇನ್ನೊಂದು ಕೆಲಸಕ್ಕೆ ಹರಿದುಹೋಗುವ ಈ ಗುಣವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಎಂಬತ್ತು ತೊಂಬತ್ತು ವರ್ಷಗಳಲ್ಲಿ ಕಾಗದ ಹೋಗಿ ಕಂಪ್ಯೂಟರು ಬಂತು. ಈ ಗುಣ ಮಾತ್ರ ಹಾಗೆಯೇ ಉಳಿದಿದೆ.

ಆ ದಾಖಲೆಯನ್ನು ಓದಬಲ್ಲವರು ಯಾರಿದ್ದರು ಎಂಬುದು ಇನ್ನೊಂದು ಮುಖ್ಯ ಪ್ರಶ್ನೆ. ಪೇಶ್ವೆಯರ ಕಾಲದಿಂದ ಬಂದ ರೂಢಿಯಂತೆ ಕಂಪನಿ ಆಳ್ವಿಕೆಯ ಮೊದಲ ದಶಕಗಳಲ್ಲಿ ಈ ಸೀಮೆಯ ಲೆಕ್ಕಪತ್ರಗಳು ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿ ಇರುತ್ತಿದ್ದವು. ಕನ್ನಡ ಮಾತನಾಡುವ, ಬಹುಪಾಲು ಅಕ್ಷರವಿಲ್ಲದ ರೈತನಿಗೆ ತನ್ನ ಹೊಲದ ಲೆಕ್ಕವೇ ಎರಡು ಬೀಗದ ಒಳಗಿತ್ತು: ಓದು ಬಾರದ್ದು ಒಂದು, ಬಂದರೂ ಆ ಲಿಪಿ ಬಾರದ್ದು ಇನ್ನೊಂದು. ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಾಗಿ, ಕಚೇರಿಯಲ್ಲಿ ಕನ್ನಡಕ್ಕಾಗಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಮಾಡಿದ ಕೆಲಸವನ್ನು ನಾವು ಸಾಮಾನ್ಯವಾಗಿ ಭಾಷಾಭಿಮಾನದ ಲೆಕ್ಕಕ್ಕೆ ಹಾಕುತ್ತೇವೆ. ತನ್ನ ಬಗ್ಗೆ ಬರೆದದ್ದನ್ನು ತಾನೇ ಓದುವ ಹಕ್ಕಿನ ಇತಿಹಾಸಕ್ಕೂ ಅದು ಸೇರಬೇಕು. ವಸಾಹತು ಸರ್ಕಾರ ಕೂಡ ಈ ಕುಂದನ್ನು ಸ್ವಲ್ಪ ಅರಿತಿತ್ತು. ಕಂದಾಯ ಕಟ್ಟಿದವನಿಗೆ ಪಾವತಿ ಕೊಡಲೇಬೇಕು ಎಂಬ ನಿಯಮ, ಖಾತೆ ಬದಲಾವಣೆಯ ನೋಟೀಸನ್ನು ಚಾವಡಿಯಲ್ಲಿ ಅಂಟಿಸಿ ತಕರಾರು ಕೇಳಬೇಕು ಎಂಬ ನಿಯಮ, ಇವೆರಡೂ ಕುಲಕರ್ಣಿಯ ಏಕಾಧಿಪತ್ಯಕ್ಕೆ ಹಾಕಿದ ಕಡಿವಾಣಗಳು. ದಾಖಲೆಯ ಒಂದು ಪ್ರತಿ ನನ್ನ ಕೈಯಲ್ಲಿರಬೇಕು, ಅದರಲ್ಲಿ ತಪ್ಪಿದ್ದರೆ ತಿದ್ದಿಸುವ ದಾರಿ ಇರಬೇಕು: ಇಂದಿನ ಮಾಹಿತಿ ರಕ್ಷಣೆಯ ಕಾಯಿದೆಗಳು ದೊಡ್ಡ ಮಾತುಗಳಲ್ಲಿ ಹೇಳುವ ಎರಡು ಹಕ್ಕುಗಳು ಆ ಹಳೆಯ ಪಾವತಿ ಮತ್ತು ನೋಟೀಸಿನಲ್ಲಿ ಮೊಳಕೆಯ ರೂಪದಲ್ಲಿ ಇದ್ದವು. ಹಳ್ಳಿಗಳಲ್ಲಿ ಹಳೆಯ ಪಾವತಿಗಳನ್ನು ಟ್ರಂಕಿನಲ್ಲಿ ದೇವರ ಪಟದಷ್ಟೇ ಜತನವಾಗಿ ಇಟ್ಟುಕೊಂಡು ಬಂದ ಮನೆಗಳು ಎಷ್ಟೋ ಇವೆ. ಆ ಜತನದ ಹಿಂದೆ ಇದ್ದದ್ದು ಅನುಭವದಿಂದ ಬಂದ ಬುದ್ಧಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. 1942ರಲ್ಲಿ ದಫ್ತರ ಸುಟ್ಟವರು ಪರಕೀಯ ಸರ್ಕಾರದ ವಿರುದ್ಧ ಹೋರಾಡಿದವರು. ಖಾಸಗಿತನ ಎಂಬ ಮಾತು ಅವರ ಬಾಯಲ್ಲಿ ಇರಲೇ ಇಲ್ಲ. ಅವರ ತ್ಯಾಗವನ್ನು ನಮ್ಮ ಕಾಲದ ಚರ್ಚೆಗೆ ಎಳೆದು ತರುವುದು ಸರಿಯೇ? ಹುತಾತ್ಮರು ಆಡದ ಮಾತನ್ನು ಅವರ ಬಾಯಿಗೆ ಇಡುವುದು ತಪ್ಪು, ನಾನು ಅದನ್ನು ಮಾಡುತ್ತಿಲ್ಲ. ಅವರು ಆಡಿ ತೋರಿಸದಿದ್ದರೂ ಮಾಡಿ ತೋರಿಸಿದ್ದನ್ನು ಮಾತ್ರ ಹೇಳುತ್ತಿದ್ದೇನೆ. ಸರ್ಕಾರವೊಂದು ಜನರ ಮೇಲೆ ಹಿಡಿತ ಸಾಧಿಸುವುದು ಬಂದೂಕಿನಿಂದ ಎಷ್ಟೋ, ಬರವಣಿಗೆಯಿಂದಲೂ ಅಷ್ಟೇ ಎಂಬುದು ಅವರಿಗೆ ಗೊತ್ತಿತ್ತು. ಬಂದೂಕು ವರ್ಷಕ್ಕೆ ಒಂದು ದಿನ ಊರಿಗೆ ಬರುತ್ತಿತ್ತು, ದಫ್ತರ ದಿನವೂ ಊರಲ್ಲೇ ಇರುತ್ತಿತ್ತು. ಇನ್ನೊಂದು ಸೂಕ್ಷ್ಮವನ್ನೂ ಒಪ್ಪಿಕೊಳ್ಳಬೇಕು: ದಫ್ತರ ಸುಟ್ಟರೆ ಸರ್ಕಾರಕ್ಕೆ ಆಗುವಷ್ಟೇ ನಷ್ಟ ಬಡ ಖಾತೆದಾರನಿಗೂ ಆಗಬಹುದು, ಅವನ ಹಕ್ಕಿಗೂ ಅದೇ ಕಾಗದ ಆಧಾರ. ಬೆಂಕಿ ಹತಾಶೆಯ ಉಪಾಯ. ತನ್ನ ಬಗೆಗಿನ ದಾಖಲೆಯನ್ನು ಕೇಳುವ, ನೋಡುವ, ತಿದ್ದುವ, ಬೇಡವೆನ್ನುವ ಯಾವ ದಾರಿಯೂ ಇಲ್ಲದವರಿಗೆ ಉಳಿಯುವ ಕೊನೆಯ ದಾರಿ ಅದು.

ಹೊಲದ ದಾಖಲೆಗಿಂತ ಕ್ರೂರವಾದದ್ದು ಮೈಯ ದಾಖಲೆ. 1871ರಲ್ಲಿ ಹುಟ್ಟಿದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ 1911ರ ತಿದ್ದುಪಡಿಯ ನಂತರ ಮುಂಬಯಿ ಪ್ರಾಂತವನ್ನೂ ಒಳಗೊಂಡಿತು. ಗಂಟಿಚೋರರು ಸೇರಿ ಹಲವು ಸಮುದಾಯಗಳ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ನಮೂದಿಸಿ, ಬೆರಳಚ್ಚು ತೆಗೆದು, ವಿಜಾಪುರ, ಹುಬ್ಬಳ್ಳಿ, ಗದಗಗಳ ಸೆಟ್ಲಮೆಂಟುಗಳಲ್ಲಿ ತಂತಿಬೇಲಿಯೊಳಗೆ ಇಟ್ಟರು. ದಿನವೂ ಹಾಜರಿ, ಊರು ಬಿಡಬೇಕಾದರೆ ಪರವಾನಗಿ ಚೀಟಿ. ಸೆಟ್ಲಮೆಂಟ್ ಎಂಬ ಹೆಸರು ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಓಣಿಯ ಹೆಸರಾಗಿ ಇಂದಿಗೂ ಉಳಿದಿದೆ. ಕಾಯಿದೆ 1952ರಲ್ಲಿ ರದ್ದಾಯಿತು, ಆದರೆ ರಿಜಿಸ್ಟರಿನಲ್ಲಿ ಹೆಸರಿದ್ದವರ ಮೊಮ್ಮಕ್ಕಳಿಗೂ ಪೊಲೀಸರ ಸಂಶಯ ತಪ್ಪಲಿಲ್ಲ. ಬೆರಳಚ್ಚಿನ ಚರಿತ್ರೆಯೇ ಹೀಗಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಶೆಲ್ ಎಂಬ ಅಧಿಕಾರಿ ಒಂದು ಕರಾರಿನ ಮೇಲೆ ಗುತ್ತಿಗೆದಾರನ ಅಂಗೈ ಗುರುತು ಒತ್ತಿಸಿಕೊಂಡದ್ದು ಮೊದಲ ಹೆಜ್ಜೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಸ್ಥಾಪನೆಯಾಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ದುಡಿಮೆಯಿಂದ ವಿಂಗಡಣೆಯ ವಿಧಾನ ಸಿದ್ಧವಾಯಿತು. ಕರಾರು ಮುರಿಯದಿರಲಿ ಎಂದು ಒತ್ತಿಸಿಕೊಂಡ ಗುರುತು ಕೆಲವೇ ದಶಕಗಳಲ್ಲಿ ಇಡೀ ಸಮುದಾಯಗಳನ್ನು ಕಾಯುವ ಬೇಲಿಯಾಯಿತು. ಮುಚ್ಚಿಡಲು ನಮಗೇನಿದೆ, ನಾವೇನು ಕಳ್ಳರೇ ಎಂದು ಕೇಳುವವರಿಗೆ ಉತ್ತರ ಈ ಸೆಟ್ಲಮೆಂಟುಗಳಲ್ಲಿದೆ. ಅಲ್ಲಿ ಇದ್ದವರೆಲ್ಲರೂ ಏನೋ ಮಾಡಿದ್ದವರಲ್ಲ. ಯಾರು ಕಳ್ಳ ಎಂದು ತೀರ್ಮಾನಿಸಿದ್ದು ಅವರ ನಡತೆಯಲ್ಲ, ರಿಜಿಸ್ಟರು. ಮುಚ್ಚಿಡಲು ಏನೂ ಇಲ್ಲದವನಿಗೂ ತನ್ನ ಬಗ್ಗೆ ಯಾರು ಏನು ಬರೆದುಕೊಂಡಿದ್ದಾರೆ ಎಂಬ ಆತಂಕ ಇರಲೇಬೇಕು, ಏಕೆಂದರೆ ನಾಳೆ ಅದನ್ನು ಓದುವ ಕೈ ಯಾವುದು ಎಂಬುದು ಇವತ್ತು ಯಾರಿಗೂ ತಿಳಿಯದು.

ಸ್ವಾತಂತ್ರ್ಯ ಬಂದ ಮೇಲೆ ದಫ್ತರ ನಮ್ಮದಾಯಿತು. 1950ರ ಮುಂಬಯಿ ಕಾಯಿದೆ ಕುಲಕರ್ಣಿ ವತನವನ್ನು ತೆಗೆದುಹಾಕಿತು, ಸಂಬಳದ ತಲಾಟಿ ಬಂದರು. ಏಕೀಕರಣದ ನಂತರ ಗ್ರಾಮಲೆಕ್ಕಿಗರು ಬಂದರು. ವಂಶದ ಸ್ವತ್ತಾಗಿದ್ದ ದಾಖಲೆ ಸಾರ್ವಜನಿಕ ಹುದ್ದೆಯ ಹೊಣೆಯಾದದ್ದು ದೊಡ್ಡ ಮುನ್ನಡೆ. ಆದರೂ ಒಂದು ಉತಾರಕ್ಕೆ ವಾರಗಟ್ಟಲೆ ಅಲೆಯುವುದು, ಕೈ ಬಿಸಿ ಮಾಡುವುದು ತಪ್ಪಲಿಲ್ಲ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಉತಾರ ಸಿಗತೊಡಗಿತು. ದಾಖಲೆ ತಿದ್ದುವ ಸಿಬ್ಬಂದಿ ತಮ್ಮ ಬೆರಳು ಒತ್ತಿಯೇ ಒಳಹೋಗಬೇಕು ಎಂಬ ಏರ್ಪಾಟೂ ಬಂತು. ಯಾರು, ಯಾವಾಗ, ಏನು ತಿದ್ದಿದರು ಎಂಬುದಕ್ಕೆ ಗುರುತು ಉಳಿಯಿತು. ಮಾಹಿತಿ ರಕ್ಷಣೆಯ ಮಾತೆತ್ತಿದರೆ ಕಂಪ್ಯೂಟರೀಕರಣಕ್ಕೆ ಅಡ್ಡಿ, ಬಡವರಿಗೆ ಸಿಗುವ ಸೌಲಭ್ಯಕ್ಕೆ ಅಡ್ಡಿ ಎನ್ನುವವರು ಭೂಮಿ ಯೋಜನೆಯನ್ನೇ ಎತ್ತಿ ತೋರಿಸುತ್ತಾರೆ. ಅವರ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸಣ್ಣ ಹಿಡುವಳಿದಾರನಿಗೆ ಬೆಳೆಸಾಲ, ಬೆಳೆವಿಮೆ, ಪರಿಹಾರ ಯಾವುದೂ ದಾಖಲೆಯಿಲ್ಲದೆ ದೊರೆಯದು. ದಾಖಲೆ ಬೇಡ ಎನ್ನುವುದು ಉಳ್ಳವರ ಮಾತು, ಇಲ್ಲದವರಿಗೆ ಅದೇ ಆಸರೆ.

ಆದರೆ ಆಸರೆ ಯಾವಾಗ ಉರುಳಾಗುತ್ತದೆ ಎಂಬುದನ್ನೂ ನೋಡಬೇಕಲ್ಲ? ಭೂಮಿ ಯೋಜನೆಯ ಮೇಲೆ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಮಾಡಿದ ಅಧ್ಯಯನ, ದಾಖಲೆಗಳು ಒಂದೆಡೆ ಸುಲಭವಾಗಿ ಸಿಗತೊಡಗಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುವವರಿಗೆ ಅನುಕೂಲವಾಯಿತು ಎಂದು ವಾದಿಸಿತು. ಅದಕ್ಕಿಂತ ನೇರವಾದ ಪಾಠ 2023ರಲ್ಲಿ ಬಂತು. ಆಸ್ತಿ ನೋಂದಣಿಗೆ ಭಾವಚಿತ್ರ ಮತ್ತು ಬೆರಳಚ್ಚು ಬೇಕೆಂದು ನೋಂದಣಿ ಕಾಯಿದೆಗೆ 2001ರಲ್ಲಿ ತಿದ್ದುಪಡಿಯಾಗಿತ್ತು. ಒಬ್ಬರ ಆಸ್ತಿಯನ್ನು ಇನ್ನೊಬ್ಬರು ಮಾರದಿರಲಿ ಎಂಬ ಒಳ್ಳೆಯ ಉದ್ದೇಶ. ನೋಂದಣಿ ಪತ್ರಗಳು ಆನ್‌ಲೈನಿನಲ್ಲಿ ಸಿಗತೊಡಗಿದ ಮೇಲೆ ಮೋಸಗಾರರು ಅವುಗಳ ಪ್ರತಿಯಿಂದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಎತ್ತಿಕೊಂಡು, ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಯಲ್ಲಿ ಖಾತೆ ಬರಿದುಮಾಡಿದ ಪ್ರಕರಣಗಳು ಮಂಗಳೂರು, ಬೆಂಗಳೂರುಗಳಲ್ಲಿ ಬೆಳಕಿಗೆ ಬಂದವು. ಓಟಿಪಿ ಇಲ್ಲ, ಕರೆ ಇಲ್ಲ, ಹಣ ಹೋಗಿತ್ತು. ಪೊಲೀಸರು ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಜನರಿಗೆ ಹೇಳಬೇಕಾಯಿತು, ಇಲಾಖೆ ಪತ್ರಗಳಲ್ಲಿನ ಬೆರಳಚ್ಚು ಮರೆಮಾಡಲು ಮುಂದಾಯಿತು. ಹೊಲದ ಮಾಲೀಕತ್ವ ಕಾಯಲು ಒತ್ತಿದ ಹೆಬ್ಬೆಟ್ಟು ಬ್ಯಾಂಕಿನ ಬೀಗ ತೆರೆಯುವ ಕೈಯಾಯಿತು. ಹಿರೇಕೆರೂರಿನಲ್ಲಿ ಕಂದಾಯದ ವಹಿ ಜಪ್ತಿಯ ಪಟ್ಟಿಯಾದದ್ದಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಅಲ್ಲಿ ಸರ್ಕಾರವೇ ಮಾಡಿತು, ಇಲ್ಲಿ ಸರ್ಕಾರ ಎಚ್ಚರ ತಪ್ಪಿದ್ದರಿಂದ ಕಳ್ಳರು ಮಾಡಿದರು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಬೆರಳನ್ನು ಬದಲಿಸುವುದು ಹೇಗೆ?

ಹಳ್ಳಿಯಲ್ಲಿ ಯಾವುದು ಗುಟ್ಟು ಹೇಳಿ ಎಂಬುದು ನಮ್ಮ ಕಡೆ ಬಹಳ ಕೇಳಿಬರುವ ಇನ್ನೊಂದು ಆಕ್ಷೇಪ. ಯಾರ ಮನೆಗೆ ಬೀಗರು ಬಂದರು, ಯಾರ ಎತ್ತು ಎಷ್ಟಕ್ಕೆ ಹೋಯಿತು, ಯಾರ ಸೊಸೆ ತವರಿಗೆ ಹೋದವಳು ಮರಳಲಿಲ್ಲ ಎಂಬುದೆಲ್ಲ ಕಟ್ಟೆಯ ಮೇಲೆ ಬೆಳಗಾಗುವುದರೊಳಗೆ ಗೊತ್ತಿರುತ್ತದೆ. ಇಂಥ ಊರಲ್ಲಿ ಖಾಸಗಿತನ ಪರದೇಶದ ಸರಕು ಎನ್ನುತ್ತಾರೆ. ಇದಕ್ಕೆ ಎರಡು ಉತ್ತರಗಳಿವೆ. ಮೊದಲಿಗೆ, ಹಳ್ಳಿಗೂ ತನ್ನದೇ ಗುಟ್ಟಿನ ಕಟ್ಟುಪಾಡುಗಳಿವೆ. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳ ಸನ್ನೆಯಲ್ಲಿ ಬೆಲೆ ಮಾತಾಡುವ ಪದ್ಧತಿ ನಮ್ಮ ಭಾಗದವರಿಗೆ ಹೊಸದಲ್ಲ. ನೂರು ಜನರ ನಡುವೆ ನಿಂತು ಇಬ್ಬರೇ ವ್ಯವಹಾರ ಮಾಡುವ ಉಪಾಯ ಅದು. ಅದರಲ್ಲಿ ರೈತನಿಗಿಂತ ದಲ್ಲಾಳಿಗೆ ಲಾಭ ಹೆಚ್ಚಾದದ್ದೂ ಉಂಟು, ಬೆಲೆಯ ತಿಳಿವು ಅವನೊಬ್ಬನ ಕೈಯಲ್ಲಿ ಉಳಿಯುತ್ತಿತ್ತು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಬಂದ ಇ-ಟೆಂಡರಿನಲ್ಲಿ ಒಬ್ಬ ಖರೀದಿದಾರ ಬರೆದ ದರ ಸಮಯ ಮುಗಿಯುವವರೆಗೆ ಇನ್ನೊಬ್ಬನಿಗೆ ಕಾಣದು, ಮುಗಿದ ಮೇಲೆ ಯಾವ ಲಾಟಿಗೆ ಎಷ್ಟು ಎಂಬುದು ಬೆಳೆಗಾರನಿಗೂ ತಿಳಿಯುತ್ತದೆ. ಗುಟ್ಟು ಎಲ್ಲಿಯವರೆಗೆ, ಯಾರಿಂದ, ಯಾವುದಕ್ಕಾಗಿ ಎಂದು ಮೊದಲೇ ಗೊತ್ತುಮಾಡಿದರೆ ಅದು ನ್ಯಾಯಕ್ಕೆ ನೆರವಾಗುತ್ತದೆ. ಎರಡನೆಯದಾಗಿ, ಕಟ್ಟೆಯ ಮೇಲಿನ ತಿಳಿವು ಪರಸ್ಪರವಾದದ್ದು. ನನ್ನ ಮನೆಯ ಮಾತು ನಿನಗೆ ಗೊತ್ತು, ನಿನ್ನದು ನನಗೆ ಗೊತ್ತು. ಆ ಭಯದಿಂದಲೇ ನಾಲಿಗೆಗೆ ಹಿಡಿತ. ಊರು ಮರೆಯುತ್ತದೆ, ಕ್ಷಮಿಸುತ್ತದೆ. ಎಲ್ಲಿಯದೋ ಸರ್ವರಿನಲ್ಲಿ ಕುಳಿತ ದಾಖಲೆಗೆ ಮರೆವೂ ಇಲ್ಲ, ನನ್ನ ಮುಖದ ದಾಕ್ಷಿಣ್ಯವೂ ಇಲ್ಲ. ಅದರ ಒಡೆಯನ ಬಗ್ಗೆ ನನಗೆ ಏನೂ ತಿಳಿಯದು.

ಇದು ಸಿರಿವಂತರ ಚಿಂತೆ ಎಂಬ ಮಾತು ದೇಶದ ಅತಿ ದೊಡ್ಡ ನ್ಯಾಯಾಲಯದ ಮುಂದೆಯೂ ಬಂದಿತ್ತು. ಅದಕ್ಕೆ ಉತ್ತರ ಪಡೆದ ಮೊಕದ್ದಮೆ ಒಬ್ಬ ಕನ್ನಡಿಗರ ಹೆಸರಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದು ಕೆಲವೇ ಉಳ್ಳವರ ಚಿಂತೆ, ಬಡವರಿಗೆ ಅನ್ನ ಸಾಕು ಎಂಬ ವಾದವನ್ನು ತಳ್ಳಿಹಾಕಿತು. ಹಾವೇರಿ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 1997ರ ಆಗಸ್ಟ್ 24ರಂದು. ತೀರ್ಪು ಬಂದದ್ದು ಜಿಲ್ಲೆಗೆ ಸರಿಯಾಗಿ ಇಪ್ಪತ್ತು ತುಂಬಿದ ದಿನ. ಇದು ಕೇವಲ ಕಾಕತಾಳೀಯ, ಆದರೆ ಜಿಲ್ಲಾ ಉತ್ಸವದ ದಿನ ಶಾಲೆಯ ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಹೇಳಬಹುದಲ್ಲ ಎಂದು ನನಗೆ ಅನ್ನಿಸುತ್ತದೆ. ಈ ಹಾದಿ ಒಮ್ಮೆಲೇ ತೆರೆದದ್ದಲ್ಲ. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ಟೆಲಿಫೋನ್ ಕದ್ದಾಲಿಕೆಯ ಆರೋಪದ ನಡುವೆ ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟಾಗ ಈ ನಾಡಿನ ಹಳ್ಳಿಹಳ್ಳಿಯಲ್ಲೂ ಆ ಸುದ್ದಿ ಚರ್ಚೆಯಾಗಿತ್ತು, ಮನೆಯಲ್ಲಿ ಫೋನೇ ಇಲ್ಲದವರ ನಡುವೆಯೂ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕದ್ದಾಲಿಕೆಗೆ ಕಟ್ಟಳೆಗಳನ್ನು ವಿಧಿಸಿತು. 2018ರ ಆಧಾರ್ ತೀರ್ಪು ಸರ್ಕಾರಿ ಸಹಾಯಧನಕ್ಕೆ ಆಧಾರ್ ಇರಲಿ ಎಂದು ಒಪ್ಪಿ, ಖಾಸಗಿ ಕಂಪನಿಗಳು ಅದನ್ನು ಬೇಡುವಂತಿಲ್ಲ ಎಂದು ಗೆರೆ ಎಳೆಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟೆಲ್ಲ ಆಗುತ್ತಿರುವಾಗಲೇ ಚಾವಡಿ ನಮ್ಮ ಜೇಬಿಗೆ ಬಂದು ಕುಳಿತಿತು. ಕುಲಕರ್ಣಿಯ ವಹಿಯಲ್ಲಿ ಹೊಲ, ಸಾಲ, ಪಾಲು ಮಾತ್ರ ಇರುತ್ತಿದ್ದವು. ಫೋನಿನಲ್ಲಿ ಬ್ಯಾಂಕು, ಆಸ್ಪತ್ರೆಯ ಚೀಟಿ, ಮಕ್ಕಳ ಫೋಟೋ, ಗಂಡ ಹೆಂಡಿರ ಮಾತು, ಓಡಾಡಿದ ದಾರಿ ಎಲ್ಲವೂ ಇವೆ, ಬೆಳೆಸಾಲದಿಂದ ಬೆಳೆ ಸಮೀಕ್ಷೆಯವರೆಗೆ ಎಲ್ಲಕ್ಕೂ ಅದೇ ಬಾಗಿಲು. ವಸೂಲಿಯ ಹಳೆಯ ಕತೆಯೂ ಅದರೊಳಗೆ ಹೊಸ ರೂಪ ತಾಳಿದೆ. ಒಂದೆರಡು ಸಾವಿರ ರೂಪಾಯಿಯ ಸಾಲಕ್ಕೆ ಆ್ಯಪ್ ಹಾಕಿಕೊಂಡವರ ಕಾಂಟ್ಯಾಕ್ಟ್ ಪಟ್ಟಿ, ಫೋಟೋಗಳನ್ನೆಲ್ಲ ಎಳೆದುಕೊಂಡು, ಕಂತು ತಪ್ಪಿದರೆ ಬೀಗರಿಗೆ, ಮೇಷ್ಟ್ರಿಗೆ, ಊರ ಹಿರಿಯರಿಗೆ ಮಾನಗೇಡಿ ಸಂದೇಶ ಕಳಿಸುವ ವಸೂಲಿ ದೇಶದ ತುಂಬ ನಡೆಯಿತು. ಮಾನಕ್ಕಂಜಿ ಪ್ರಾಣ ಬಿಟ್ಟವರಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್, ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ, ಫೈಲುಗಳನ್ನು ಮುಟ್ಟುವಂತಿಲ್ಲ ಎಂದು ಆದೇಶಿಸಿತು. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ವಸೂಲಿಗಾರರ ಕಿರುಕುಳದ ವಿರುದ್ಧ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳೂ ದನಿಯೆತ್ತಿದರು, ಆ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲ ತೀರಿಸಬೇಕಾದದ್ದು ನಿಜ. ಆದರೆ ಸಾಲಗಾರ್ತಿಯ ನಂಟಸ್ತಿಕೆಯ ಪಟ್ಟಿಯನ್ನೇ ಒತ್ತೆಯಾಗಿ ಇಟ್ಟುಕೊಳ್ಳುವ ಹಕ್ಕು ಸಾಲ ಕೊಟ್ಟವನಿಗೆ ಎಲ್ಲಿಂದ ಬಂತು? ಹಿರೇಕೆರೂರಿನ ಲಿಲಾವಿನಲ್ಲಿ ಪಾತ್ರೆ ಪಡಗ ಹೋದವು. ಇಲ್ಲಿ ಮಾನವೇ ಲಿಲಾವಿಗೆ ನಿಲ್ಲುತ್ತದೆ. ನಂಟರ ನಂಬರುಗಳನ್ನು ಕೊಟ್ಟದ್ದು ಒಬ್ಬಳು, ಅದರಿಂದ ಬಾಧೆಪಟ್ಟವರು ಹತ್ತಾರು ಮಂದಿ. ಖಾಸಗಿತನ ಒಬ್ಬೊಬ್ಬರ ಸ್ವಂತ ಸ್ವತ್ತು ಎಂಬ ತಿಳಿವಳಿಕೆ ಎಷ್ಟು ಅರೆಬರೆಯದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಓದಿ ಹೇಳುವವನ ಸಮಸ್ಯೆಯೂ ಹಾಗೆಯೇ ಇದೆ. ಒಂದು ಕಾಲಕ್ಕೆ ಬಂ‍ದ ಕಾಗದವನ್ನು ಪೋಸ್ಟ್‌ಮ್ಯಾನ್ ಅಥವಾ ಶಾಲೆಯ ಮೇಷ್ಟ್ರು ಓದಿ ಹೇಳಬೇಕಿತ್ತು, ಹೀಗಾಗಿ ಅಕ್ಷರವಿಲ್ಲದವರ ಮನೆಯ ಸುಖದುಃಖಕ್ಕೆ ಮೂರನೆಯ ಕಿವಿ ಇದ್ದೇ ಇರುತ್ತಿತ್ತು. ಈಗ ಪಿಂಚಣಿಯ ಅಜ್ಜಿಯ ಪಿನ್ ನಂಬರು ಪಕ್ಕದ ಮನೆಯ ಹುಡುಗನಿಗೆ ಗೊತ್ತು. ಗೃಹಲಕ್ಷ್ಮಿ ಯೋಜನೆಯ ಹಣ ಬಂದಿದೆಯೇ ಎಂದು ನೋಡಲು ಫೋನನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಊರಿನ ಅರ್ಧ ಜನರ ಆಧಾರ್ ಪ್ರತಿಗಳು ಹಾಗೆಯೇ ಬಿದ್ದಿರುತ್ತವೆ. ಇವರೆಲ್ಲ ಬಹುತೇಕ ಒಳ್ಳೆಯ ಮನಸ್ಸಿನವರೇ. ಒಳ್ಳೆಯತನದ ಮೇಲೆ ನಿಂತ ವ್ಯವಸ್ಥೆ ಒಬ್ಬ ಕೆಟ್ಟವನು ಬಂದರೆ ಕುಸಿಯುತ್ತದೆ ಎಂಬುದಷ್ಟೇ ಕಷ್ಟ. ಆ್ಯಪ್‌ಗಳ ಷರತ್ತುಗಳೋ ನಮ್ಮ ಪಾಲಿಗೆ ಹೊಸ ಮೋಡಿ ಲಿಪಿ: ಉದ್ದುದ್ದ ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಕೆಳಗೆ ಒಪ್ಪಿಗೆ ಎಂದು ಒತ್ತಬೇಕು, ಒತ್ತದಿದ್ದರೆ ಮುಂದೆ ಹೋಗದು. ಓದಲಾಗದ್ದಕ್ಕೆ ಒತ್ತಿದ ಹೆಬ್ಬೆಟ್ಟನ್ನು ಒಪ್ಪಿಗೆ ಎಂದು ಕರೆಯುವುದನ್ನು ನಮ್ಮ ಅಜ್ಜಂದಿರು ಸಾಹುಕಾರನ ಸಾಲಪತ್ರದಲ್ಲೇ ಅನುಭವಿಸಿದ್ದರು.

ಈಗ ಕಾಯಿದೆ ಬಂದಿದೆ, ಇನ್ನೇನು ಬೇಕು ಎನ್ನುವವರೂ ಇದ್ದಾರೆ. ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕರಡು ಕೊಟ್ಟಿತು, ಐದು ವರ್ಷ ಎಳೆದಾಡಿ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಹೊರಬಿದ್ದವು. ಅದರಲ್ಲಿ ಮೆಚ್ಚಬೇಕಾದ ಅಂಶಗಳಿವೆ. ಮಾಹಿತಿ ಕೇಳುವವರು ಯಾವ ಉದ್ದೇಶಕ್ಕೆ ಎಂದು ತಿಳಿಸಬೇಕು. ಆ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ, ಎಂದರೆ ಕನ್ನಡದಲ್ಲೂ, ಓದುವ ಆಯ್ಕೆ ಇರಬೇಕು. ತಿದ್ದಿಸುವ, ಅಳಿಸುವ ಹಕ್ಕು ಉಂಟು. ಆದರೆ ಕೇಂದ್ರ ಸರ್ಕಾರ ತನ್ನ ಯಾವುದೇ ಅಂಗವನ್ನು ಅಧಿಸೂಚನೆಯ ಮೂಲಕ ಕಾಯಿದೆಯಿಂದ ಹೊರಗಿಡಬಹುದು. ದಫ್ತರದ ಇತಿಹಾಸ ಬಲ್ಲವರಿಗೆ ಈ ವಿನಾಯಿತಿ ಸಣ್ಣದಾಗಿ ಕಾಣದು. ಜನರ ಬಗ್ಗೆ ಅತಿ ಹೆಚ್ಚು ಬರೆದಿಟ್ಟುಕೊಳ್ಳುವುದು ಸರ್ಕಾರವೇ ತಾನೆ? ಇದೇ ಕಾಯಿದೆ ಮಾಹಿತಿ ಹಕ್ಕು ಕಾಯಿದೆಯನ್ನೂ ತಿದ್ದಿದೆ. ಮೊದಲು ಸಾರ್ವಜನಿಕ ಹಿತಕ್ಕೆ ಸಂಬಂಧವಿದ್ದರೆ ಅಧಿಕಾರಿಯ ವೈಯಕ್ತಿಕ ಮಾಹಿತಿಯನ್ನೂ ಕೇಳಬಹುದೆಂದು ಆ ಕಲಮಿನೊಳಗೇ ಇತ್ತು. ಈಗ ವೈಯಕ್ತಿಕ ಎಂದ ಮಾತ್ರಕ್ಕೆ ನಿರಾಕರಿಸುವ ದಾರಿ ಅಗಲವಾಗಿದೆ. ಇದು ನಾನು ಹೇಳುತ್ತಿರುವ ಖಾಸಗಿತನವಲ್ಲ. ದುರ್ಬಲನ ಬದುಕಿಗೆ ಮರೆ ಬೇಕು, ಅಧಿಕಾರದ ಲೆಕ್ಕಕ್ಕೆ ಬೆಳಕು ಬೇಕು. ಅಧಿಕಾರಿಯ ವಹಿಗೆ ಮರೆ ಕೊಟ್ಟು ರೈತನ ಬೆರಳಚ್ಚನ್ನು ಬಯಲಿಗಿಟ್ಟರೆ ಕುಲಕರ್ಣಿಯ ಕಾಲವೇ ಹೊಸ ಹೆಸರಿನಲ್ಲಿ ಮರಳಿದಂತೆ.

ಕಾಯಿದೆ ಬಲವಾಗುವವರೆಗೆ ಕೈಕಟ್ಟಿ ಕೂರುವ ಅಗತ್ಯವಿಲ್ಲ. ಅಧಿಕೃತ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಬೇಕಾದಾಗ ಮಾತ್ರ ತೆರೆಯಬಹುದು. ಪ್ರತಿ ಕೊಡುವಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಸಾಕಾಗುತ್ತದೆ. ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲು, ಮದುವೆ ಕರೆಯೋಲೆ ಎಂದು ಹೆಸರಿಟ್ಟುಕೊಂಡು ಬಂದರೂ, ಒತ್ತಬಾರದು. ಟಾರ್ಚ್ ಆ್ಯಪ್ ಕಾಂಟ್ಯಾಕ್ಟ್ ಪಟ್ಟಿ ಕೇಳಿದರೆ ಅದಕ್ಕೇಕೆ ಬೇಕು ಎಂದು ಕೇಳಿಕೊಂಡು ಅನುಮತಿ ತೆಗೆಯಬೇಕು. ಲ್ಯಾಪ್‌ಟಾಪಿನ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಟ್ಟರೆ ಅದು ಕಳವಾದರೂ ಒಳಗಿನದು ಸುಲಭಕ್ಕೆ ಬೇರೆಯವರ ಕೈ ಸೇರದು. ಹಳೆಯ ಫೋನು ಮಾರುವ ಮೊದಲು ಖಾತೆಗಳಿಂದ ಹೊರಬಂದು ಪೂರ್ತಿ ರೀಸೆಟ್ ಮಾಡಬೇಕು. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಇವೆಲ್ಲ ಉಪಯುಕ್ತ. ಆದರೆ ಹೊಣೆಯನ್ನೆಲ್ಲ ಫೋನು ಹಿಡಿದವನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಅನ್ಯಾಯ, 1830ರ ದಶಕದ ರೈತನಿಗೆ ನೀನೇ ಮೋಡಿ ಕಲಿಯಬೇಕಿತ್ತು ಎಂದು ಹೇಳಿದಷ್ಟೇ ಅನ್ಯಾಯ.

ಹಾಗಾಗಿ ಕೇಳಬೇಕಾದ್ದನ್ನು ಕೇಳಬೇಕಾದಲ್ಲಿ ಕೇಳಬೇಕು. ಹೊಸ ಕಾಯಿದೆಯ ಮುಖ್ಯ ಹೊಣೆಗಳು ಜಾರಿಗೆ ಬರಲು ನಿಯಮಗಳು 18 ತಿಂಗಳ ಅವಧಿ ಕೊಟ್ಟಿವೆ, ಎಂದರೆ 2027ರ ಮಧ್ಯಭಾಗದವರೆಗೆ. ಆ ಹೊತ್ತಿಗೆ ಹೊಸರಿತ್ತಿಯಂಥ ಊರಿನ ಗ್ರಾಮ ಒನ್ ಕೇಂದ್ರದಲ್ಲಿ, ಪಂಚಾಯಿತಿ ಕಚೇರಿಯಲ್ಲಿ, ಸಹಕಾರಿ ಸೊಸೈಟಿಯಲ್ಲಿ ಯಾವ ಕಾಗದವನ್ನು ಏಕೆ ಕೇಳುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರು ನೋಡಬಹುದು, ತಕರಾರಿದ್ದರೆ ಯಾರಿಗೆ ಹೇಳಬೇಕು ಎಂಬ ಕನ್ನಡ ಫಲಕ ಗೋಡೆಯ ಮೇಲೆ ಇರಬೇಕು. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಉಳಿದ ಪ್ರತಿಯನ್ನು ಅರ್ಜಿದಾರರ ಎದುರಿಗೇ ಅಳಿಸಬೇಕು. ಬೆರಳು ಒತ್ತಿಸಿಕೊಂಡ ಪ್ರತಿ ಸಲಕ್ಕೂ ಒಂದು ಪಾವತಿ ಕೊಡಬೇಕು. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ, ಒಂದು ಗ್ರಾಮಸಭೆಯ ಠರಾವು ಸಾಕು.